ಮನೆಯಲ್ಲೇ ದೇವರನಾಮ ರೆಕಾರ್ಡ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ದೇವರನಾಮ, ಡೊಂಬಿವಲಿ
ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಹೆಂಗಸರ ಸಣ್ಣ ಭಜನಾ ಮಂಡಳಿ. ದಾಸರ ಪದ, ವಚನ, ಆಗೀಗ ಭಾವಗೀತೆ ಹಾಡುತ್ತೇವೆ. ಹಾರ್ಮೋನಿಯಂ ನಾನೇ ನುಡಿಸುತ್ತೇನೆ. ತಬಲಾಗೆ ನಮ್ಮ ಬಿಲ್ಡಿಂಗ್‌ನ ಒಬ್ಬ ಹುಡುಗ ಬರುತ್ತಾನೆ. ಇಷ್ಟು ದಿನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೆಂಟರಿಗೆ ಕಳಿಸುತ್ತಿದ್ದೆವು. ಅದರಲ್ಲಿ ತಬಲಾ ಜೋರಾಗಿ ಕೇಳುತ್ತದೆ, ಪದದ ಅಕ್ಷರ ಕೇಳುವುದಿಲ್ಲ. ದಾಸರ ಪದದಲ್ಲಿ ಅಕ್ಷರವೇ ಕೇಳದಿದ್ದರೆ ಹಾಡಿ ಏನು ಬಂತು? ಈಗ ಸರಿಯಾಗಿ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಬೇಕು ಅಂತ ಆಸೆ.

ವಿಂಡೋಸ್ ಲ್ಯಾಪ್‌ಟಾಪ್ ಇದೆ, 8 ಜಿಬಿ ರ್‍ಯಾಮ್. ಎರಡು ಮೈಕ್ ಹಾಕುವಂಥ ಆಡಿಯೋ ಇಂಟರ್‌ಫೇಸ್ (ಮೈಕ್‌ಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ಕೊಳ್ಳುವುದು ಅಂತ ತೀರ್ಮಾನ ಆಗಿದೆ. ಸಾಫ್ಟ್‌ವೇರ್ ಮಾತ್ರ ಗೊತ್ತಾಗುತ್ತಿಲ್ಲ. ಒಬ್ಬರು ಆಡಾಸಿಟಿ ಅನ್ನುತ್ತಾರೆ, ಇನ್ನೊಬ್ಬರು ಕ್ಯೂಬೇಸ್, ಮಗನ ಗೆಳೆಯರು ಎಫ್‌ಎಲ್ ಸ್ಟುಡಿಯೋ. ಹಾಡು ಗೊತ್ತು, ಕಂಪ್ಯೂಟರ್ ಅಷ್ಟಕ್ಕಷ್ಟೇ. ದಯವಿಟ್ಟು ಅದನ್ನು ಮನಸ್ಸಿನಲ್ಲಿಟ್ಟು ಹೇಳಿ.

ಠಾಣೆ ತಿಮ್ಮ
ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್. ಬಿಟ್ಟಿ, ಸುಲಭ, ಮಾತೇ ಬೇಡ.

ಲಿನಕ್ಸ್ ಪ್ರೇಮಿ, ಹಿಂಜವಡಿ
ತಿಮ್ಮ ಅವರೇ, ಅಕ್ಕ ವಿಂಡೋಸ್ ಅಂತ ಬರೆದಿದ್ದಾರಲ್ವಾ. ಒಂದು ಭಜನೆಗೋಸ್ಕರ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕಾ?

ಅಕ್ಕ, ಆಡಾಸಿಟಿಯಿಂದ ಶುರು ಮಾಡಿ. 2000ದಿಂದ ಇರುವ ಸಾಫ್ಟ್‌ವೇರ್, ಪೂರ್ತಿ ಉಚಿತ, ಓಪನ್ ಸೋರ್ಸ್. ಕೆಂಪು ಗುಂಡಿ ಒತ್ತಿದರೆ ರೆಕಾರ್ಡ್ ಆಗುತ್ತದೆ. ಬೇಡದ ಭಾಗ ಗುರುತು ಮಾಡಿ ಅಳಿಸಿದರೆ ಆಯಿತು. ಮೊದಲು ಎಫೆಕ್ಟ್ ಒಂದು ಸಲ ಹಾಕಿದರೆ ಧ್ವನಿಗೇ ಅಂಟಿಬಿಡುತ್ತಿತ್ತು, ಆಮೇಲೆ ಬದಲಿಸುವುದು ಕಷ್ಟ ಇತ್ತು. 2022ರಲ್ಲಿ ಬಂದ 3.2 ಆವೃತ್ತಿಯಿಂದ ಹಾಡು ಓಡುತ್ತಿರುವಾಗಲೇ ಎಫೆಕ್ಟ್ ಹಾಕಿ ತೆಗೆಯಬಹುದು. 8 ಜಿಬಿ ರ್‍ಯಾಮ್ ಧಾರಾಳ ಸಾಕು.

ಚೆಂಡೆಮದ್ದಳೆ, ಗೋರೆಗಾಂವ್
ಇದನ್ನು ನಾನು ಒಪ್ಪುವುದಿಲ್ಲ ಮಾರಾಯ್ರೆ. ಆಡಾಸಿಟಿ ಕತ್ತರಿಸಲು, ಅಂಟಿಸಲು, ಗದ್ದಲ ಕಡಿಮೆ ಮಾಡಲು ಒಳ್ಳೆಯದು. ಆದರೆ ಅಕ್ಕನವರಿಗೆ ಬೇಕಾಗಿರುವುದು ಬೇರೆ. ಮೊದಲು ಹಾಡು, ಅದನ್ನು ಕೇಳುತ್ತಾ ತಬಲಾ, ಮತ್ತೆ ಅದರ ಮೇಲೆ ಕೋರಸ್. ಹೀಗೆ ಒಂದರ ಮೇಲೊಂದು ಕೂರಿಸಿ, ಪ್ರತಿಯೊಂದರ ಧ್ವನಿ ಹೆಚ್ಚು ಕಡಿಮೆ ಮಾಡಬೇಕು. ಅದಕ್ಕೆ ರೀಪರ್ ಅನ್ನುವ ಸಾಫ್ಟ್‌ವೇರ್ ಸರಿ.

ನಮ್ಮ ಯಕ್ಷಗಾನ ತಂಡದ ಹಿಮ್ಮೇಳವನ್ನು ನಾನು ಅದರಲ್ಲೇ ಮಾಡುವುದು. ಭಾಗವತರಿಗೆ ಒಂದು ಟ್ರ್ಯಾಕ್ (ಪ್ರತ್ಯೇಕ ರೆಕಾರ್ಡಿಂಗ್ ಸಾಲು), ಮದ್ದಳೆಗೆ ಎರಡು, ಚೆಂಡೆಗೆ ಒಂದು, ಚಕ್ರತಾಳಕ್ಕೆ ಒಂದು. ಹಳೆಯ ಲ್ಯಾಪ್‌ಟಾಪಿನಲ್ಲೂ ತೊಂದರೆ ಇಲ್ಲದೆ ಓಡುತ್ತದೆ. ಇದನ್ನು ಶುರು ಮಾಡಿದವರು ಜಸ್ಟಿನ್ ಫ್ರಾಂಕೆಲ್. ನಮ್ಮ ಕಾಲದಲ್ಲಿ ಹಾಡು ಕೇಳಲು ಎಲ್ಲರ ಕಂಪ್ಯೂಟರಿನಲ್ಲೂ ಇದ್ದ ವಿನ್ಆಂಪ್ ಮಾಡಿದವರೂ ಅವರೇ.

60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಯಾವ ಸೌಲಭ್ಯಕ್ಕೂ ಬೀಗ ಹಾಕಿಲ್ಲ. ಆಮೇಲೆ ಮನೆಬಳಕೆಯ ಲೈಸೆನ್ಸ್ 60 ಡಾಲರ್, ನಮ್ಮ ಲೆಕ್ಕದಲ್ಲಿ 5,000 ರೂಪಾಯಿ ಚಿಲ್ಲರೆ. ತಿಂಗಳ ಬಾಡಿಗೆ ಇಲ್ಲ.

ವಾಸ್ಕೋ ಬೀಟ್ಸ್, ಗೋವಾ
ಎಫ್‌ಎಲ್ ಸ್ಟುಡಿಯೋ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ನಾನು ಇಲ್ಲಿ ಪಾರ್ಟಿಗಳಿಗೆ ಟ್ರ್ಯಾಕ್ ಮಾಡುವವನು. ಮನೆಮಾತು ಕನ್ನಡ, ಅಪ್ಪ ಹಾವೇರಿ ಕಡೆಯವರು. ಎಫ್‌ಎಲ್ ಒಂದು ಸಲ ಕೊಂಡರೆ ಜೀವನಪೂರ್ತಿ ಅಪ್‌ಡೇಟ್ ಬಿಟ್ಟಿ. ತಬಲಾ ಹುಡುಗ ಬರದ ದಿನ ತಬಲಾ ಲೂಪ್ (ಮತ್ತೆ ಮತ್ತೆ ಓಡುವ ಸಿದ್ಧ ತುಣುಕು) ಹಾಕಬಹುದು. ಟೆಂಪೋ (ಲಯದ ವೇಗ) ಕೊಟ್ಟರೆ ಎಲ್ಲ ಗ್ರಿಡ್‌ಗೆ, ಅಂದರೆ ಪರದೆಯ ಮೇಲಿನ ತಾಳದ ಗೆರೆಗಳಿಗೆ, ಸರಿಯಾಗಿ ಕೂರುತ್ತದೆ.

ಒಂದು ಎಚ್ಚರಿಕೆ. ಅದರಲ್ಲಿ ಅತಿ ಅಗ್ಗದ ಫ್ರೂಟಿ ಆವೃತ್ತಿಯಲ್ಲಿ ಮೈಕ್ ಹಾಕಿ ಹಾಡು ರೆಕಾರ್ಡ್ ಮಾಡಿ ಕೂರಿಸಲು ಆಗುವುದಿಲ್ಲ. ಅದಕ್ಕೆ ಪ್ರೊಡ್ಯೂಸರ್ ಆವೃತ್ತಿಯೇ ಬೇಕು. ಟ್ರಯಲ್‌ನಲ್ಲಿ ಪ್ರಾಜೆಕ್ಟ್ ಸೇವ್ ಆಗುತ್ತದೆ, ಆದರೆ ಕೊಳ್ಳುವ ತನಕ ಮತ್ತೆ ತೆರೆಯಲು ಬರುವುದಿಲ್ಲ.

ಗದಗಿನವ, ಪುಣೆ
ವಾಸ್ಕೋ ತಮ್ಮಾ, ನಿನ್ನ ಸಂಗೀತಕ್ಕೆ ಅದು ಛಲೋ ಇರಬಹುದು. ದಾಸರ ಪದಕ್ಕೆ ಗ್ರಿಡ್ ಯಾಕೆ? ಮೊದಲ ಸಾಲು ಎತ್ತುವಾಗ ನಿಧಾನ ಇರುತ್ತದೆ. ಅಂಕಿತದ ಸಾಲಿಗೆ ಬರುವಷ್ಟರಲ್ಲಿ ಲಯ ತಾನಾಗಿಯೇ ಸ್ವಲ್ಪ ಏರಿರುತ್ತದೆ. ಅದು ದೋಷ ಅಲ್ಲ, ಅದು ಹಾಡು. ಕ್ಲಿಕ್ (ಒಂದೇ ಸಮನೆ ಟಿಕ್ ಟಿಕ್ ಅನ್ನುವ ಲಯದ ಸದ್ದು) ಹಾಕಿಕೊಂಡು ಹಾಡಿದರೆ ಆ ಏರಿಕೆ ಹೋಗುತ್ತದೆ, ನಾಲ್ಕು ಜನರ ಉಸಿರು ಬಿಗಿಯಾಗುತ್ತದೆ. ನಮ್ಮವರು ಸಾಫ್ಟ್‌ವೇರ್ ನೋಡುವಾಗ ಅದರಲ್ಲಿ ಏನೇನಿದೆ ಅಂತ ಕೇಳುತ್ತಾರೆ. ಏನೇನನ್ನು ಆಫ್ ಮಾಡಿಡಬಹುದು ಅಂತಲೂ ಕೇಳಬೇಕು ರೀ. ಕ್ಲಿಕ್ ಆರಬೇಕು, ಗ್ರಿಡ್‌ಗೆ ಎಳೆಯುವ ಸ್ನ್ಯಾಪ್ ಆರಬೇಕು, ಅಳತೆ ಪಟ್ಟಿಯಲ್ಲಿ ಬಾರ್ ಬದಲು ನಿಮಿಷ, ಸೆಕೆಂಡ್ ಕಾಣಬೇಕು.

ವಾಸ್ಕೋ ಬೀಟ್ಸ್, ಗೋವಾ
ಅಣ್ಣ, ಅದೆಲ್ಲ ಎಲ್ಲಾ ಸಾಫ್ಟ್‌ವೇರ್‌ನಲ್ಲೂ ಆರುತ್ತದೆ. ಗ್ರಿಡ್ ಅಂದ ತಕ್ಷಣ ನಾಲ್ಕರ ಲೆಕ್ಕವೇ ಅಂತಲೂ ಅಲ್ಲ. ರೂಪಕ್‌ಗೆ 7, ಝಪ್‌ತಾಲಕ್ಕೆ 10 ಅಂತ ಮಾತ್ರೆ ಕೊಟ್ಟರೆ ಸಮ್ (ತಾಳದ ಮೊದಲ ಮಾತ್ರೆ) ಎಲ್ಲಿದೆ ಅಂತ ಪರದೆಯಲ್ಲೇ ಕಾಣುತ್ತದೆ. ಎಡಿಟ್ ಮಾಡುವಾಗ ಅದು ತುಂಬಾ ಉಪಯೋಗ. ಬೇಡ ಅಂದರೆ ಬೇಡ, ಆದರೆ ಕೆಟ್ಟದ್ದು ಅನ್ನಬೇಡಿ.

ಚೆಂಡೆಮದ್ದಳೆ, ಗೋರೆಗಾಂವ್
ಇಬ್ಬರದೂ ಸರಿ. ಯಕ್ಷಗಾನದಲ್ಲಿ ಒಂದೇ ಪದ್ಯದೊಳಗೆ ಕಾಲ ಏರುತ್ತದೆ. ಅಲ್ಲಿ ಕ್ಲಿಕ್ ಇಟ್ಟರೆ ಭಾಗವತರು ಎದ್ದು ಹೋಗುತ್ತಾರೆ.

ಮಿಕ್ಸರ್ ಮಾಮ, ಅಂಧೇರಿ
ನಾನು ಸ್ಟುಡಿಯೋದಲ್ಲಿ ಕೆಲಸ ಮಾಡುವವನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಇಲ್ಲಿ ಸಿನಿಮಾ ಕೆಲಸ ಹೆಚ್ಚಾಗಿ ನಡೆಯುವುದು ಪ್ರೊ ಟೂಲ್ಸ್‌ನಲ್ಲಿ. ಅದರದೇ ಇಂಟ್ರೊ ಅನ್ನುವ ಉಚಿತ ಆವೃತ್ತಿ 2022ರಲ್ಲಿ ಬಂತು. 8 ಆಡಿಯೋ ಟ್ರ್ಯಾಕ್ ಸಿಗುತ್ತವೆ. ಮುಂದೆ ಸ್ಟುಡಿಯೋಗೆ ಹೋಗಿ ಮಿಕ್ಸ್ ಮಾಡಿಸುವ ಯೋಚನೆ ಇದ್ದರೆ ಅದನ್ನೂ ನೋಡಿ.

ಆದರೆ ಸಾಫ್ಟ್‌ವೇರ್‌ಗಿಂತ ಮೊದಲು ಇಂಟರ್‌ಫೇಸ್ ಯೋಚನೆ ಮಾಡಿ. ಎರಡೇ ಇನ್‌ಪುಟ್ ಅಂದರೆ ಒಂದು ಸಲಕ್ಕೆ ಎರಡೇ ಮೈಕ್. ನಾಲ್ಕು ಜನ, ಹಾರ್ಮೋನಿಯಂ, ತಬಲಾ ಎಲ್ಲ ಒಟ್ಟಿಗೆ ಪ್ರತ್ಯೇಕ ಮೈಕ್‌ನಲ್ಲಿ ಆಗುವುದಿಲ್ಲ. ಸರದಿಯಲ್ಲಿ ಮಾಡಬೇಕು. ಕೆಲವರು ಎರಡು ಯುಎಸ್‌ಬಿ ಮೈಕ್ ತಗೊಂಡು ಒಂದೇ ಲ್ಯಾಪ್‌ಟಾಪಿಗೆ ಹಾಕುತ್ತಾರೆ. ದಯವಿಟ್ಟು ಬೇಡ. ಎರಡು ಮೈಕ್‌ನ ಒಳಗಿನ ಗಡಿಯಾರ ಬೇರೆ ಬೇರೆ. ಹಾಡು ಮುಂದೆ ಹೋದಂತೆ ಒಂದಕ್ಕೊಂದು ಜಾರುತ್ತವೆ.

ದೇವರನಾಮ, ಡೊಂಬಿವಲಿ
ಇಷ್ಟು ಬೇಗ ಇಷ್ಟು ಉತ್ತರ! ಎಲ್ಲರಿಗೂ ಧನ್ಯವಾದ. ಮಾಮ ಅವರೇ, 8 ಟ್ರ್ಯಾಕ್ ಲೆಕ್ಕ ಹಾಕಿ ನೋಡಿದೆ. ನಾಲ್ಕು ದನಿ, ಒಂದು ಹಾರ್ಮೋನಿಯಂ, ತಬಲಾಗೆ ಎರಡು, ತಂಬೂರಿಗೆ ಒಂದು. ಅಲ್ಲಿಗೆ ಎಂಟು ತುಂಬಿತು. ತಾಳ ಎಲ್ಲಿ ಹಾಕುವುದು? ಭಜನೆಗೆ ತಾಳ ಇಲ್ಲದೆ ಆಗುತ್ತದಾ?

ಇನ್ನೊಂದು ಪ್ರಶ್ನೆ. ಗೆಳತಿಯ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಾಡಿ ನೋಡಿದೆವು. ನಾನು ಹಾಡಿದ್ದು ನನಗೇ ಸ್ವಲ್ಪ ತಡವಾಗಿ ಕೇಳುತ್ತಿತ್ತು. ಹಾಡಲು ಆಗಲೇ ಇಲ್ಲ. ಅದು ಸಾಫ್ಟ್‌ವೇರ್ ದೋಷವಾ?

ಚೆಂಡೆಮದ್ದಳೆ, ಗೋರೆಗಾಂವ್
ತಾಳದ ಪ್ರಶ್ನೆಗೆ ಒಂದೇ ಉತ್ತರ, ರೀಪರ್‌ನಲ್ಲಿ ಟ್ರ್ಯಾಕ್‌ಗೆ ಮಿತಿ ಇಲ್ಲ. ನಾಲ್ಕು ಜೊತೆ ತಾಳ ಹಾಕಿ.

ಲಿನಕ್ಸ್ ಪ್ರೇಮಿ, ಹಿಂಜವಡಿ
ಅಕ್ಕ, ಅದಕ್ಕೆ ಲೇಟೆನ್ಸಿ ಅನ್ನುತ್ತಾರೆ. ಮೈಕ್‌ನಿಂದ ಬಂದ ಧ್ವನಿಯನ್ನು ಕಂಪ್ಯೂಟರ್ ಸಣ್ಣ ಸಣ್ಣ ಕಂತುಗಳಲ್ಲಿ ತಗೊಳ್ಳುತ್ತದೆ. ಆ ಕಂತಿನ ಅಳತೆಗೆ ಬಫರ್ ಅಂತ ಹೆಸರು. 44.1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ (ಸ್ಯಾಂಪಲ್) ತಗೊಳ್ಳುವಾಗ, 128 ಸ್ಯಾಂಪಲ್ ಬಫರ್ ಇಟ್ಟರೆ ಒಂದು ಕಂತಿಗೆ ಸುಮಾರು 3 ಮಿಲಿಸೆಕೆಂಡ್. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಹೋಗಲು ಬೇಕಾಗುವ ಹೊತ್ತೂ ಅಷ್ಟೇ. ಒಳಗೆ ಬರಲು ಒಂದು ಕಂತು, ಹೊರಗೆ ಹೋಗಲು ಇನ್ನೊಂದು, ಜೊತೆಗೆ ಯಂತ್ರದ ಕೆಲಸ. ಎಲ್ಲ ಸೇರಿ 10ರ ಒಳಗೆ ಇದ್ದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಬಫರ್ 1024ಕ್ಕೆ ಏರಿಸಿದರೆ ಒಂದು ಕಂತೇ 23 ಮಿಲಿಸೆಕೆಂಡ್. ಆಗ ಹಾಡುವವರಿಗೆ ಕಿರಿಕಿರಿ.

ರೆಕಾರ್ಡ್ ಮಾಡುವಾಗ ಬಫರ್ ಕಡಿಮೆ ಇಡಿ, ಮಿಕ್ಸ್ ಮಾಡುವಾಗ ಜಾಸ್ತಿ ಇಡಿ. ಇನ್ನೂ ಸುಲಭದ ದಾರಿ ಇದೆ. ತುಂಬಾ ಇಂಟರ್‌ಫೇಸ್‌ಗಳಲ್ಲಿ ಡೈರೆಕ್ಟ್ ಮಾನಿಟರ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರದೆ ನೇರ ಹೆಡ್‌ಫೋನಿಗೆ ಬರುತ್ತದೆ. ಆಗ ಸಾಫ್ಟ್‌ವೇರ್‌ನಿಂದ ಬರುವ ದನಿಯನ್ನು ಮ್ಯೂಟ್ ಮಾಡಿ, ಇಲ್ಲದಿದ್ದರೆ ಎರಡು ಸಲ ಕೇಳುತ್ತದೆ.

ಚೆಂಡೆಮದ್ದಳೆ, ಗೋರೆಗಾಂವ್
ಇಲ್ಲೇ ನೋಡಿ ಆಡಾಸಿಟಿ ಸೋಲುವುದು. ವಿಂಡೋಸ್‌ನಲ್ಲಿ ಲೇಟೆನ್ಸಿ ಕಡಿಮೆ ಆಗಬೇಕಾದರೆ ಎಎಸ್ಐಒ ಡ್ರೈವರ್ (ಸಾಫ್ಟ್‌ವೇರ್ ಇಂಟರ್‌ಫೇಸ್ ಜೊತೆ ನೇರ ಮಾತಾಡುವ ವ್ಯವಸ್ಥೆ) ಬೇಕು. ಆಡಾಸಿಟಿ 3ರ ವಿಂಡೋಸ್ ಆವೃತ್ತಿಯಲ್ಲಿ ಅದನ್ನು ಸೇರಿಸಿ ಕೊಟ್ಟಿಲ್ಲ, ಲೈಸೆನ್ಸ್ ತೊಡಕು. ರೀಪರ್, ಕ್ಯೂಬೇಸ್, ಎಫ್‌ಎಲ್ ಎಲ್ಲದರಲ್ಲೂ ಇದೆ.

ಲಿನಕ್ಸ್ ಪ್ರೇಮಿ, ಹಿಂಜವಡಿ
ಡೈರೆಕ್ಟ್ ಮಾನಿಟರ್ ಇದ್ದರೆ ಅದು ದೊಡ್ಡ ವಿಷಯ ಅಲ್ಲ. ಆದರೆ ಒಂದರ ಮೇಲೊಂದು ಕೂರಿಸುವಾಗ ಎಎಸ್ಐಒ ಇದ್ದರೆ ಒಳ್ಳೆಯದು, ಅದು ನಿಜ.

ಹೊಸ ರಾಗ, ನವಿ ಮುಂಬಯಿ
ನಾನೂ ಇದೇ ಹುಡುಕುತ್ತಿದ್ದೆ. ಆದರೆ ಇಷ್ಟೆಲ್ಲ ಯಾಕೆ? ಕ್ರ್ಯಾಕ್ ಮಾಡಿದ ಕ್ಯೂಬೇಸ್ ಎಲ್ಲ ಕಡೆ ಸಿಗುತ್ತದೆ. ಮನೆಯಲ್ಲಿ ಹಾಡುವವರನ್ನು ಯಾರು ಬಂದು ಕೇಳುತ್ತಾರೆ?

ಮಡಗಾಂವ್ ಮಾಸ್ತರ್, ಗೋವಾ
ಯಾರೂ ಕೇಳುವುದಿಲ್ಲ ಅಂದರೆ ಸರಿ ಅಂತ ಅರ್ಥ ಅಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ 63ಬಿ ಅಂತ ಒಂದು ಕಲಮೇ ಇದೆ. ಗೊತ್ತಿದ್ದೂ ಕದ್ದ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದ ತನಕ ಜೈಲು, 50,000 ರೂಪಾಯಿಯಿಂದ 2 ಲಕ್ಷದ ತನಕ ದಂಡ. ವ್ಯಾಪಾರಕ್ಕೆ ಅಲ್ಲದ ಬಳಕೆಗೆ ನ್ಯಾಯಾಲಯ ಜೈಲು ಬಿಟ್ಟು ಬರೀ ದಂಡ ಹಾಕಬಹುದು, ಅಷ್ಟೇ ರಿಯಾಯಿತಿ.

ಇದು ಬರೀ ಕಾನೂನಿನ ಮಾತೂ ಅಲ್ಲ. ನಮ್ಮ ಹಾಡನ್ನು ಯಾರಾದರೂ ಕದ್ದು ತಮ್ಮ ಚಾನೆಲ್‌ಗೆ ಹಾಕಿದರೆ ನಮಗೆ ಹೊಟ್ಟೆ ಉರಿಯುತ್ತದೆ ಅಲ್ವಾ? ಸಾಫ್ಟ್‌ವೇರ್ ಬರೆದವರಿಗೂ ಹಾಗೇ.

ಹೊಸ ರಾಗ, ನವಿ ಮುಂಬಯಿ
ಮಾಸ್ತರ್, ಕಾಲೇಜು ಹುಡುಗರ ಹತ್ತಿರ ದುಡ್ಡು ಎಲ್ಲಿರುತ್ತದೆ? ಸುಮ್ನೆ ಉಪದೇಶ ಸುಲಭ.

ವಾಸ್ಕೋ ಬೀಟ್ಸ್, ಗೋವಾ
ನಾನು ಕಾಲೇಜಿನಲ್ಲಿದ್ದಾಗಲೇ ಶುರು ಮಾಡಿದ್ದು. ದುಡ್ಡು ಇರಲಿಲ್ಲ. ಇಂಟರ್‌ಫೇಸ್ ಜೊತೆ ಏಬಲ್ಟನ್ ಲೈವ್ ಲೈಟ್ ಬಿಟ್ಟಿ ಬಂದಿತ್ತು, ಅದರಲ್ಲೇ ಕಲಿತೆ. ತುಂಬಾ ಇಂಟರ್‌ಫೇಸ್‌ಗಳ ಡಬ್ಬದಲ್ಲಿ ಹೀಗೆ ಏನಾದರೂ ಒಂದು ಸಾಫ್ಟ್‌ವೇರ್‌ನ ಸಣ್ಣ ಆವೃತ್ತಿಯ ಕೋಡ್ ಇರುತ್ತದೆ. ಡಬ್ಬ ಎಸೆಯುವ ಮೊದಲು ನೋಡಿ. ಕ್ರ್ಯಾಕ್ ಫೈಲ್ ಜೊತೆ ವೈರಸ್ ಬಂದು ಪ್ರಾಜೆಕ್ಟ್ ಎಲ್ಲ ಕಳೆದುಕೊಂಡ ಗೆಳೆಯರು ನನಗೆ ಗೊತ್ತು.

ದೇವರನಾಮ, ಡೊಂಬಿವಲಿ
ನಮಗೂ ಒಂದು ಅಂಗಡಿಯಲ್ಲಿ "ಎಲ್ಲ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡುತ್ತೇನೆ" ಅಂದಿದ್ದರು. ಬೇಡ ಅಂತ ಬಂದೆವು. ದೇವರ ಹಾಡಿಗೆ ಕದ್ದ ಸಾಮಾನು ಬೇಡ.

ಹೊಸ ರಾಗ, ನವಿ ಮುಂಬಯಿ
ಸರಿ, ಆ ವಿಷಯ ಬಿಡಿ. ಶ್ರುತಿ ತಪ್ಪಿದರೆ ಸರಿ ಮಾಡುವ ಆಟೋಟ್ಯೂನ್ ಯಾವುದರಲ್ಲಿ ಚೆನ್ನಾಗಿದೆ? ನನ್ನ ಮುಖ್ಯ ಚಿಂತೆ ಅದು.

ಗದಗಿನವ, ಪುಣೆ
ಇದಕ್ಕೆ ಸ್ವಲ್ಪ ವಿವರವಾಗಿ ಬರೆಯಬೇಕು. ಪುಣೆಗೆ ಬಂದ ಮೇಲೆ ನಾನು ಹಿಂದೂಸ್ತಾನಿ ಕಲಿಯುತ್ತಿದ್ದೇನೆ. ನಮ್ಮ ಊರಿನ ಪಂಡಿತ ಭೀಮಸೇನ ಜೋಶಿಯವರು ನೆಲೆ ನಿಂತ ಊರು ಇದು. ಅವರು ತಮ್ಮ ಗುರುಗಳ ನೆನಪಿಗೆ ನಡೆಸಿಕೊಂಡು ಬಂದ ಸವಾಯಿ ಗಂಧರ್ವ ಉತ್ಸವ 1953ರಿಂದ ಇಲ್ಲಿದೆ. ಡಿಸೆಂಬರಿನಲ್ಲಿ ಹೋಗಿ ಕುಳಿತರೆ ಹಾಡುವವರ ಹಿಂದೆ ಎರಡು ತಂಬೂರಿ ಕೇಳುತ್ತವೆ. ಆ ತಂಬೂರಿಯ ಷಡ್ಜದ ತಂತಿಯನ್ನು ಕಿವಿಗೊಟ್ಟು ಕೇಳಿ. ಅದರೊಳಗಿಂದ ಒಂದು ಗಾಂಧಾರ ತಾನಾಗಿಯೇ ಹೊಮ್ಮುತ್ತದೆ. ಅದು ತಂತಿಯ ಐದನೆಯ ಅನುಸ್ವರ. ಆ ಗಾಂಧಾರವನ್ನು ಷಡ್ಜದ ಸಪ್ತಕಕ್ಕೆ ಇಳಿಸಿ ನೋಡಿದರೆ ಷಡ್ಜದಿಂದ 386 ಸೆಂಟ್ ಮೇಲಿದೆ (ಸೆಂಟ್ ಅಂದರೆ ಕೀಬೋರ್ಡಿನ ಅಕ್ಕಪಕ್ಕದ ಎರಡು ಮನೆಗಳ ಅಂತರದ ನೂರನೇ ಒಂದು ಭಾಗ). ಕೀಬೋರ್ಡಿನ ಗಾಂಧಾರ 400 ಸೆಂಟ್. 14 ಸೆಂಟ್ ಅಂತರ.

ಈಗ ಆಟೋಟ್ಯೂನ್ ಏನು ಮಾಡುತ್ತದೆ? ಮಾಮೂಲಿಯಾಗಿ ಕೀಬೋರ್ಡಿನ ಹನ್ನೆರಡು ಮನೆಗಳಲ್ಲಿ ಹತ್ತಿರದ್ದಕ್ಕೆ ಸ್ವರವನ್ನು ಎಳೆಯುತ್ತದೆ. ಹಾಡುವವರು ತಂಬೂರಿಗೆ ಕೂಡಿಸಿ ಹಾಡಿದ ಗಾಂಧಾರವನ್ನೇ ತಪ್ಪು ಅಂತ ತಿಳಿದು ಮೇಲಕ್ಕೆ ತಳ್ಳುತ್ತದೆ. ತಂಬೂರಿಯದ್ದು ಒಂದು, ದನಿಯದ್ದು ಇನ್ನೊಂದು. ಮೀಂಡ್, ಗಮಕದ ಗತಿಯಂತೂ ಕೇಳಲೇಬೇಡಿ. ಜಾರುವ ಸ್ವರ ಮೆಟ್ಟಿಲಾಗುತ್ತದೆ. ಆಟೋಟ್ಯೂನ್ ಮಾಡಿದ ಆಂಡಿ ಹಿಲ್ಡೆಬ್ರ್ಯಾಂಡ್ ಮೊದಲು ಭೂಮಿಯೊಳಗೆ ಎಣ್ಣೆ ಹುಡುಕುವ ಲೆಕ್ಕದ ಕೆಲಸದಲ್ಲಿದ್ದವರು. 1997ರಲ್ಲಿ ಮಾರುಕಟ್ಟೆಗೆ ಬಂದ ಆ ಸಾಧನ ಅಪಾರ ಬುದ್ಧಿಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಸ್ವರಕ್ಕೆ ಅಂತ ಹುಟ್ಟಿದ್ದಲ್ಲ.

ಎಲ್ಲೋ ಒಂದು ಸ್ವರ ಕುಸಿದಿದ್ದರೆ ಮೆಲೊಡೈನ್ ಥರದ ಸಾಧನದಲ್ಲಿ ಅದೊಂದನ್ನೇ ಹಿಡಿದು ಕೈಯಿಂದ ಎತ್ತಬಹುದು. ಅದಕ್ಕಿಂತ ಆ ಸಾಲನ್ನು ಇನ್ನೊಂದು ಸಲ ಹಾಡಿ. ಬೇಗ ಆಗುತ್ತದೆ, ಚೆನ್ನಾಗಿಯೂ ಇರುತ್ತದೆ. ನಿಜ ಹೇಳಬೇಕೆಂದರೆ ಇದೇ ಕಾರಣಕ್ಕೆ ಹಾರ್ಮೋನಿಯಂ ಮೇಲೂ ಆಕ್ಷೇಪ ಇತ್ತು. ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು, ಸಡಿಲಿಸಿದ್ದು 1971ರಲ್ಲಿ.

ದೇವರನಾಮ, ಡೊಂಬಿವಲಿ
ಗದಗಿನವರೇ, ಆಟೋಟ್ಯೂನ್ ಮಾತು ಒಪ್ಪಿದೆ. ಹಾರ್ಮೋನಿಯಂ ಮಾತು ಒಪ್ಪಲಾರೆ. ನಮ್ಮಲ್ಲಿ ಯಾರೂ ಗುರುಗಳ ಹತ್ತಿರ ವರ್ಷಾನುಗಟ್ಟಲೆ ಕಲಿತವರಲ್ಲ. ನಾಲ್ಕು ದನಿಯನ್ನು ಒಂದೇ ಶ್ರುತಿಯಲ್ಲಿ ಹಿಡಿದಿಡುವುದು ಆ ಪೆಟ್ಟಿಗೆಯೇ. ಅದು ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಭಜನೆಯೇ ನಿಂತುಹೋಗುತ್ತಿತ್ತು.

ಚೆಂಡೆಮದ್ದಳೆ, ಗೋರೆಗಾಂವ್
ಸರಿಯಾಗಿ ಹೇಳಿದಿರಿ ಅಕ್ಕ.

ಗದಗಿನವ, ಪುಣೆ
ಭಜನೆಗೆ ಬೇಡ ಅಂತ ನಾನು ಹೇಳಲಿಲ್ಲ ಅಕ್ಕಾ. ಹಾರ್ಮೋನಿಯಂ ಜೊತೆಗೆ ಹಾಡಿದ್ದನ್ನು ಮತ್ತೆ ಯಂತ್ರದಲ್ಲಿ ತಿದ್ದಬೇಡಿ ಅಂದೆ. ಒಂದು ಮಾತ್ರ ನೋಡಿಕೊಳ್ಳಿ. ತಂಬೂರಿ ಆ್ಯಪ್ ಹಾಕುವುದಾದರೆ ಮೊದಲು ನಿಮ್ಮ ಪೆಟ್ಟಿಗೆಯ ಷಡ್ಜಕ್ಕೆ ಅದನ್ನು ಕೂಡಿಸಿ. ಹಳೆಯ ಪೆಟ್ಟಿಗೆಗಳು 440 ಹರ್ಟ್ಸ್‌ನ ಮಾಮೂಲಿ ಶ್ರುತಿ ಲೆಕ್ಕಕ್ಕೆ ಸರಿಯಾಗಿ ಇರುವುದಿಲ್ಲ. ಆ್ಯಪ್‌ನಲ್ಲಿ ಸ್ವಲ್ಪ ಏರಿಸಿ ಇಳಿಸುವ ಸೌಲಭ್ಯ ಇರುತ್ತದೆ.

ಮಿಕ್ಸರ್ ಮಾಮ, ಅಂಧೇರಿ
ಈಗ ಅಕ್ಕನವರ ಮೂಲ ದೂರಿಗೆ ಬರೋಣ. ಅಕ್ಷರ ಕೇಳುವುದಿಲ್ಲ ಅಂದಿರಿ. ಅದು ಸಾಫ್ಟ್‌ವೇರ್‌ಗಿಂತ ಜಾಸ್ತಿ ಮೈಕ್ ಇಡುವ ಜಾಗದ ಮಾತು.

ನಾನಾದರೆ ಹೀಗೆ ಮಾಡುತ್ತೇನೆ. ಮೊದಲು ನೀವೊಬ್ಬರೇ ಹಾರ್ಮೋನಿಯಂ ನುಡಿಸುತ್ತಾ ಮೆಲ್ಲಗೆ ಹಾಡಿ ಒಂದು ಮಾರ್ಗದರ್ಶಿ ಟ್ರ್ಯಾಕ್ ಮಾಡುತ್ತೇನೆ. ಲಯ ಏರಿಳಿತ ಎಲ್ಲ ಅದರಲ್ಲೇ ಇರಲಿ, ಕ್ಲಿಕ್ ಬೇಡ. ಅದನ್ನು ಕೇಳುತ್ತಾ ತಬಲಾ ಹುಡುಗ ನುಡಿಸಲಿ, ದಾಯಾಂಗೆ (ಬಲಗೈಯದ್ದು) ಒಂದು ಮೈಕ್, ಬಾಯಾಂಗೆ (ಎಡಗೈಯದ್ದು) ಒಂದು. ಆಮೇಲೆ ಹಾರ್ಮೋನಿಯಂ ಮಾತ್ರ. ಕೊನೆಗೆ ಮುಖ್ಯ ದನಿ, ಕೋರಸ್. ಎಲ್ಲ ಆದ ಮೇಲೆ ಮಾರ್ಗದರ್ಶಿ ಟ್ರ್ಯಾಕ್ ಮ್ಯೂಟ್. ಹೀಗೆ ಮಾಡಿದರೆ ಎರಡು ಇನ್‌ಪುಟ್ ಸಾಕು, ತಬಲಾ ದನಿಯ ಮೈಕ್‌ಗೆ ನುಗ್ಗುವುದಿಲ್ಲ.

ಹಾರ್ಮೋನಿಯಂ ಮತ್ತು ಹೆಣ್ಣು ದನಿ ಒಂದೇ ಮಟ್ಟದಲ್ಲಿ ಜಗಳವಾಡುತ್ತವೆ. ಹಾಡುವಾಗ ಹಾರ್ಮೋನಿಯಂ ಟ್ರ್ಯಾಕ್ ಸ್ವಲ್ಪ ಇಳಿಸಿ, ನಡುವಿನ ಬಿಡುವಿನಲ್ಲಿ ಏರಿಸಿ. ಇದನ್ನು ಎನ್ವಲಪ್ (ಟ್ರ್ಯಾಕ್ ಮೇಲಿನ ಧ್ವನಿಮಟ್ಟದ ಗೆರೆ) ಎಳೆದು ಮಾಡಬಹುದು. ನೀವು ಕಾಳಿ 4 ಅಥವಾ ಕಾಳಿ 5ರಲ್ಲಿ (ಪೆಟ್ಟಿಗೆಯ ನಾಲ್ಕನೆಯ ಅಥವಾ ಐದನೆಯ ಕಪ್ಪು ಮನೆ) ಹಾಡುತ್ತಿದ್ದರೆ ಷಡ್ಜ 208 ಅಥವಾ 233 ಹರ್ಟ್ಸ್ ಹತ್ತಿರ. ಹಾಗಾಗಿ ದನಿಯ ಟ್ರ್ಯಾಕ್‌ನಲ್ಲಿ 100ರ ಕೆಳಗಿನದ್ದನ್ನು ಧೈರ್ಯವಾಗಿ ಕತ್ತರಿಸಿ. ಅಲ್ಲಿ ಇರುವುದು ಫ್ಯಾನ್, ಲಾರಿ, ರೈಲಿನ ಗುಡುಗು ಮಾತ್ರ. ರೆಕಾರ್ಡ್ ಮಾಡುವಾಗ 24 ಬಿಟ್ ಇಟ್ಟು, ಜೋರಾದ ಜಾಗದಲ್ಲೂ ಮೀಟರ್ ಮೈನಸ್ 12 ಡಿಬಿ ಹತ್ತಿರ ನಿಲ್ಲುವ ಹಾಗೆ ನೋಡಿಕೊಳ್ಳಿ. ಕೆಂಪು ದೀಪಕ್ಕೆ ಹೋದರೆ ಅದನ್ನು ಯಾವ ಸಾಫ್ಟ್‌ವೇರ್ ಕೂಡ ಪೂರ್ತಿ ವಾಪಸ್ ತರುವುದಿಲ್ಲ.

ದೇವರನಾಮ, ಡೊಂಬಿವಲಿ
ಮಾಮ, ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇನೆ. ನಮ್ಮ ಮನೆ ರೈಲು ಹಳಿಯ ಪಕ್ಕದಲ್ಲೇ. ಮಳೆಗಾಲದಲ್ಲಿ ಕಿಟಕಿಯ ತಗಡಿನ ಮೇಲೆ ಸದ್ದು ಬೇರೆ. ಗದ್ದಲ ತೆಗೆಯುವ ಸಾಫ್ಟ್‌ವೇರ್ ಇದೆಯಂತಲ್ಲ, ಅದು ಸಾಕಾಗುತ್ತದಾ?

ಮಿಕ್ಸರ್ ಮಾಮ, ಅಂಧೇರಿ
ಸ್ವಲ್ಪ ಮಟ್ಟಿಗೆ. ಆಡಾಸಿಟಿಯಲ್ಲಿ ನಾಯ್ಸ್ ರಿಡಕ್ಷನ್ ಇದೆ, ರೀಪರ್‌ನಲ್ಲಿ ರಿಯಾಎಫ್ಐಆರ್ ಇದೆ. ಎರಡೂ ಬರೀ ಗದ್ದಲದ ಒಂದು ತುಣುಕು ಕೇಳಿ, ಅದನ್ನು ಹಾಡಿನಿಂದ ಕಳೆಯುತ್ತವೆ. ಫ್ಯಾನ್ ಥರ ಒಂದೇ ಸಮನೆ ಇರುವ ಸದ್ದಿಗೆ ನಡೆಯುತ್ತದೆ. ರೈಲು ಬರುತ್ತಾ ಹೋಗುತ್ತಾ ಬದಲಾಗುತ್ತದೆ, ಅದಕ್ಕೆ ನಡೆಯುವುದಿಲ್ಲ. ಜಾಸ್ತಿ ಹಾಕಿದರೆ ಸ, ಶ, ಹ ಅಕ್ಷರಗಳನ್ನೇ ತಿಂದುಬಿಡುತ್ತದೆ. ಅವೂ ಗಾಳಿಯ ಸದ್ದೇ ಆದ್ದರಿಂದ ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಮಗೆ ಅಕ್ಷರ ಮುಖ್ಯ, ಹಾಗಾಗಿ ಕಡಿಮೆ ಬಳಸಿ.

ಒಂದು ಹಾಡು ಮುಗಿಯುವ ತನಕ ಫ್ಯಾನ್ ಆರಿಸಿ. ಕಾರ್ಡಿಯಾಯ್ಡ್ ಮೈಕ್ ಹಿಂಭಾಗದ ಸದ್ದು ಕಡಿಮೆ ಹಿಡಿಯುತ್ತದೆ, ಅದರ ಬೆನ್ನು ಕಿಟಕಿ ಕಡೆ ಇರಲಿ. ಅಂಥ ಮನೆಯಲ್ಲಿ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್‌ಗಿಂತ ಡೈನಮಿಕ್ ಮೈಕ್ ಇಟ್ಟು ಹತ್ತಿರದಿಂದ ಹಾಡುವುದು ಲೇಸು. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಇಂಟರ್‌ಫೇಸ್ ಮೈಕ್‌ಗೆ ಕೊಡುವ ಕರೆಂಟ್) ಕೂಡ ಬೇಕಾಗಿಲ್ಲ.

ಗದಗಿನವ, ಪುಣೆ
ಹಾಡುವವರ ಹಿಂದೆ ಗೋಡೆಗೆ ಕೌದಿ ನೇತುಹಾಕಿ. ಅವ್ವ ಹೊಲಿದ ದಪ್ಪ ಕೌದಿ ಎರಡು ಮಡಿಕೆ ಮಾಡಿ ಗೋಡೆಯಿಂದ ಸ್ವಲ್ಪ ದೂರ ಕಟ್ಟಿದರೆ ಪ್ರತಿಧ್ವನಿ ಎಷ್ಟೋ ಇಳಿಯುತ್ತದೆ. ಅಂಗಡಿಯ ತೆಳು ಫೋಮ್‌ಗೆ ದುಡ್ಡು ಹಾಕಬೇಡಿ.

ಲಿನಕ್ಸ್ ಪ್ರೇಮಿ, ಹಿಂಜವಡಿ
ಝೊಂಯ್ ಅಂತ ಸಣ್ಣ ಸದ್ದು ಬಂದರೆ ಅದು ಕರೆಂಟಿನದ್ದು, 50 ಹರ್ಟ್ಸ್, ಅದರ ಮೇಲೆ 100. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಅರ್ಥಿಂಗ್ ಸಮಸ್ಯೆ, ಎಲೆಕ್ಟ್ರಿಷಿಯನ್ ಕರೆಸಿ.

ಠಾಣೆ ತಿಮ್ಮ
ಮಂಡಳಿಯಲ್ಲಿ ಯಾರ ಹತ್ತಿರವಾದರೂ ಐಪ್ಯಾಡ್ ಇದ್ದರೆ ಅದರಲ್ಲೂ ಗ್ಯಾರೇಜ್‌ಬ್ಯಾಂಡ್ ಬಿಟ್ಟಿ ಸಿಗುತ್ತದೆ. ಇದನ್ನೂ ಹೇಳಲೇಬೇಕು ಅನ್ನಿಸಿತು. ಫ್ಯಾನ್ ಇಲ್ಲದ ಯಂತ್ರ, ಒಂದಿಷ್ಟೂ ಸದ್ದಿಲ್ಲ.

ಮಡಗಾಂವ್ ಮಾಸ್ತರ್, ಗೋವಾ
ಯೂಟ್ಯೂಬ್ ಅಂದಿದ್ದಕ್ಕೆ ಒಂದು ಮಾತು. ಪುರಂದರದಾಸರು, ಕನಕದಾಸರು, ವಚನಕಾರರ ಸಾಹಿತ್ಯಕ್ಕೆ ಕಾಪಿರೈಟ್ ಇಲ್ಲ. ಭಾವಗೀತೆಗೆ ಹಾಗಲ್ಲ. ನಮ್ಮ ದೇಶದಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ತೀರಿಕೊಂಡಿದ್ದು 1981ರಲ್ಲಿ, ಅಂದರೆ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕವಿತೆಗಳಿಗೆ 2041ರ ಕೊನೆಯ ತನಕ ಹಕ್ಕು ಇದೆ. ಸಾಹಿತ್ಯ ಹಳೆಯದಾದರೂ ಅದಕ್ಕೆ ಈಚೆಗೆ ಯಾರೋ ಹಾಕಿದ ರಾಗಸಂಯೋಜನೆ ಅವರದ್ದೇ. ನಿಮ್ಮ ಮನೆಯ ಧಾಟಿಯಲ್ಲಿ ದಾಸರ ಪದ ಹಾಡಿ, ಯಾರ ಹಂಗೂ ಇಲ್ಲ.

ಚೆಂಡೆಮದ್ದಳೆ, ಗೋರೆಗಾಂವ್
ಸ್ವಲ್ಪ ವಿಷಯ ಬಿಟ್ಟು ಕೇಳುತ್ತೇನೆ. ನಮ್ಮಲ್ಲಿ ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳ ಒಂದು ಪೆಟ್ಟಿಗೆಯೇ ಇದೆ. ಕೆಲವು ಓಡಿಸಿದರೆ ಭಾಗವತರ ಶ್ರುತಿ ಮೇಲೆ ಹೋದಂತೆ ಕೇಳುತ್ತದೆ. ಇದನ್ನು ಕಂಪ್ಯೂಟರಿಗೆ ಹಾಕಿ ಸರಿ ಮಾಡಬಹುದಾ?

ಲಿನಕ್ಸ್ ಪ್ರೇಮಿ, ಹಿಂಜವಡಿ
ಇದಕ್ಕೆ ಆಡಾಸಿಟಿಯೇ ಸರಿ, ಚೆಂಡೆ ಅಣ್ಣ! ಕ್ಯಾಸೆಟ್ ಡೆಕ್‌ನ ಲೈನ್ ಔಟ್‌ನಿಂದ ಇಂಟರ್‌ಫೇಸ್‌ಗೆ ಹಾಕಿ ರೆಕಾರ್ಡ್ ಮಾಡಿ. ಸಿ-90 ಕ್ಯಾಸೆಟ್ ಅಂದರೆ ಒಂದು ಬದಿಗೆ 45 ನಿಮಿಷ, ಅಷ್ಟು ಹೊತ್ತು ಕಾಯಲೇಬೇಕು. ಶ್ರುತಿ ಏರಿದೆ ಅಂದರೆ ಈಗಿನ ಡೆಕ್ ಜೋರಾಗಿ ಓಡುತ್ತಿರಬಹುದು, ಇಲ್ಲವೇ ಅಂದು ರೆಕಾರ್ಡ್ ಮಾಡಿದ ಡೆಕ್ ನಿಧಾನವಾಗಿ ಓಡಿರಬಹುದು. ಆ ಭಾಗವತರು ಯಾವ ಶ್ರುತಿಯಲ್ಲಿ ಹಾಡುತ್ತಿದ್ದರು ಅಂತ ಗೊತ್ತಿದ್ದರೆ ಅದಕ್ಕೆ ಹೊಂದುವ ತನಕ ವೇಗ ಬದಲಿಸುವ ಎಫೆಕ್ಟ್ ಹಾಕಿ. ಶ್ರುತಿ ಮಾತ್ರ ಬದಲಿಸುವ ಎಫೆಕ್ಟ್ ಬೇಡ. ವೇಗ ಸರಿಯಾದರೆ ಶ್ರುತಿಯೂ ಲಯವೂ ಒಟ್ಟಿಗೆ ಸರಿಯಾಗುತ್ತವೆ.

ಗದಗಿನವ, ಪುಣೆ
ಅದನ್ನು ಮೊದಲು ಮಾಡಿ ರೀ. ಟೇಪಿಗೆ ಬೂಸು ಹಿಡಿದರೆ ಆಮೇಲೆ ಏನೂ ಸಿಗುವುದಿಲ್ಲ. ಮುಂಬಯಿ ಹವೆ ಗೊತ್ತಲ್ಲ.

ಹೊಸ ರಾಗ, ನವಿ ಮುಂಬಯಿ
ಕೇಕ್‌ವಾಕ್ ಬಗ್ಗೆ ಯಾರಾದರೂ ಹೇಳಿ. ಅದೂ ಬಿಟ್ಟಿ ಅಂತ ಕೇಳಿದ್ದೇನೆ.

ಮಿಕ್ಸರ್ ಮಾಮ, ಅಂಧೇರಿ
ಒಳ್ಳೆಯ ಸಾಫ್ಟ್‌ವೇರ್, ಆದರೆ ಕಷ್ಟ ಕಂಡಿದೆ. 2017ರಲ್ಲಿ ಅದರ ಮಾಲೀಕರಾಗಿದ್ದ ಗಿಬ್ಸನ್ ಕಂಪನಿ ಕೆಲಸವನ್ನೇ ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡವರು ಕಂಗಾಲಾದರು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಚಿತವಾಗಿ ಕೊಟ್ಟಿತು. ಅದಕ್ಕೇ ಹೇಳುತ್ತೇನೆ, ಯಾವುದೇ ಸಾಫ್ಟ್‌ವೇರ್ ಬಳಸಿ, ಹಾಡು ಮುಗಿದ ಮೇಲೆ ಪ್ರತಿ ಟ್ರ್ಯಾಕ್ ಬೇರೆ ಬೇರೆ ವೇವ್ ಫೈಲ್ ಆಗಿ ತೆಗೆದಿಡಿ. ಎಲ್ಲವೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಬೇಕು. ಆಗ ಮುಂದೆ ಯಾವ ಸಾಫ್ಟ್‌ವೇರ್‌ನಲ್ಲಿ ಎಳೆದು ಹಾಕಿದರೂ ತಾನಾಗಿ ಹೊಂದುತ್ತದೆ.

ದೇವರನಾಮ, ಡೊಂಬಿವಲಿ
ನಮ್ಮ ಮಂಡಳಿಯಲ್ಲಿ ಮಾತಾಡಿದೆವು. ಇಂಟರ್‌ಫೇಸ್ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿ ತರುತ್ತೇವೆ. ರೀಪರ್ ಹಾಕಿಕೊಂಡು ನೋಡುವುದು, ಹಿಡಿಸಿದರೆ ನಾಲ್ವರೂ ದುಡ್ಡು ಹಾಕಿ ಲೈಸೆನ್ಸ್ ಕೊಳ್ಳುವುದು. ಟ್ರ್ಯಾಕ್ ತೆಗೆದಿಡಲು ಎಷ್ಟು ಜಾಗ ಬೇಕು? ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ ಇದೆ.

ವಾಸ್ಕೋ ಬೀಟ್ಸ್, ಗೋವಾ
ಧೋಬಿ ತಲಾವ್‌ನ ಫುರ್ಟಾಡೋಸ್ ಅಂಗಡಿಗೂ ಒಮ್ಮೆ ಹೋಗಿ ನೋಡಿ ಅಕ್ಕ. ನಮ್ಮ ಗೋವಾದಲ್ಲೂ ಅವರದು ಇದೆ.

ಲಿನಕ್ಸ್ ಪ್ರೇಮಿ, ಹಿಂಜವಡಿ
48 ಕಿಲೋಹರ್ಟ್ಸ್, 24 ಬಿಟ್, ಮೋನೋ ಆದರೆ ನಿಮಿಷಕ್ಕೆ 8.6 ಎಂಬಿ. 5 ನಿಮಿಷದ ಹಾಡು, 9 ಟ್ರ್ಯಾಕ್ ಅಂದರೆ 390 ಎಂಬಿ ಹತ್ತಿರ. ತಪ್ಪಿದ ಟೇಕ್‌ಗಳೂ ಸೇರಿ ಹಾಡಿಗೆ 1 ಜಿಬಿ ಅಂತ ಇಟ್ಟುಕೊಳ್ಳಿ. ಒಂದು ಹೊರಗಿನ ಎಸ್‌ಎಸ್‌ಡಿ ತಗೊಂಡು ಅದರಲ್ಲೊಂದು ಪ್ರತಿ, ಮಂಡಳಿಯ ಇನ್ನೊಬ್ಬರ ಮನೆಯಲ್ಲೊಂದು ಪ್ರತಿ ಇಡಿ.

ಚೆಂಡೆಮದ್ದಳೆ, ಗೋರೆಗಾಂವ್
ಅಕ್ಕ, ರೀಪರ್ ಹಾಕಿದ ದಿನ ಇಲ್ಲೇ ಬರೆಯಿರಿ. ಮೊದಲು ಆಪ್ಷನ್ಸ್‌ಗೆ ಹೋಗಿ ಸ್ನ್ಯಾಪ್ ಆಫ್ ಮಾಡಿ, ಮೆಟ್ರೋನಮ್ (ಅದೇ ಕ್ಲಿಕ್) ಆಫ್ ಮಾಡಿ. ಆಮೇಲೆ ಪ್ರಾಜೆಕ್ಟ್ ಸೇವ್ ಮಾಡುವಾಗ ಫೈಲ್‌ಗಳನ್ನು ಅದೇ ಫೋಲ್ಡರ್‌ಗೆ ನಕಲಿಸುವ ಟಿಕ್ ಹಾಕಲು ಮರೆಯಬೇಡಿ.